ಒಂದು ಅರ್ಜಿ, ಎರಡು ಟೈಪ್‌ರೈಟರ್

“ಈ ಮಷಿನ್ ನಿಮಗ ಆಗಾಂಗಿಲ್ರಿ...”

ಬೂದೆಮ್ಮನ ಬೆರಳುಗಳು ಅಕ್ಷರಗಳ ಮೇಲೆಯೇ ನಿಂತುಬಿಟ್ಟವು.

ಆಕಾಶನೀಲಿ ಬಣ್ಣದ ಆ ಪುಟ್ಟ ಟೈಪ್‌ರೈಟರನ್ನು ಅವಳು ಮುಟ್ಟಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ. ಹೆಸರು ‘ಸುರೇಖಾ’. ಹೆಸರಿಗೆ ತಕ್ಕ ಹಾಗೆ ಚೆಲುವೆ. ಹಿಡಿಕೆ ಇರುವ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೈಯಲ್ಲಿ ತೂಗಿಕೊಂಡು ಹೋಗಬಹುದು. ಬೆರಳು ತಾಕಿದರೆ ಸಾಕು, ಅಕ್ಷರ ಕಾಗದದ ಮೇಲೆ ಹೂವಿನ ಹಾಗೆ ಕೂರುತ್ತಿತ್ತು.

ಅದು ತನಗೆ ಆಗುವುದಿಲ್ಲವಂತೆ!

ಅವಳು ತಲೆ ಎತ್ತಿದಳು. ರಾಯಚೂರಿನ ಆ ಅಂಗಡಿಯ ಒಳಗಡೆ, ಬಿಚ್ಚಿ ಹಾಕಿದ ಮಷಿನ್ನುಗಳ ನಡುವೆ ಒಬ್ಬ ಯುವಕ ಕೂತಿದ್ದ. ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಮೊಣಕೈವರೆಗೆ ಮಡಚಿದ ತೋಳು, ಎಣ್ಣೆ ಹತ್ತಿದ ಕೈ. ಶಾಂತವಾದ ಕಣ್ಣು. ಆ ಶಾಂತ ಕಣ್ಣೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

“ಯಾಕ? ನನಗ್ಯಾಕ ಆಗಾಂಗಿಲ್ಲ?”

“ದಿನಾ ಎಲ್ಲಿಂದ ಎಲ್ಲಿಗೆ ಒಯ್ಯಬೇಕು ಅಂದ್ರಿ?”

“ಗಬ್ಬೂರಿಂದ ದೇವದುರ್ಗಕ್ಕ.”

“ಬಸ್ಸಿನ್ಯಾಗ?”

“ಮತ್ತೇನು, ನಮ್ಮಪ್ಪ ನನಗ ಜೀಪ್ ಇಟ್ಟಾನೇನು?”

ಅವನು ನಗಲಿಲ್ಲ. “ಹಂಗಿದ್ರ ಇದು ಬ್ಯಾಡ್ರಿ. ಇದು ಫ್ಯಾನಿನ ಕೆಳಗ ಕುಂದ್ರೋರ ಮಷಿನ್. ತೀನ್ ಕಂದೀಲ್ ಸರ್ಕಲ್ ಹತ್ರ ಒಂದು ಹಳೇ ಸಾಮಾನಿನ ಅಂಗಡಿ ಅದ. ಅಲ್ಲಿ ‘ವಜ್ರ’ ಅಂತ ಒಂದು ಮಷಿನ್ ಸಿಗ್ತದ. ನೋಡಾಕ ಚಂದಿಲ್ಲ, ಭಾರ ಅದ, ಆದ್ರ...”

“ಸಾಕು ಮಾಡ್ರಿ!”

ಬೂದೆಮ್ಮ ಮುಂದಿನದ್ದನ್ನು ಕೇಳಲೇ ಇಲ್ಲ.

ಫ್ಯಾನಿನ ಕೆಳಗೆ ಕೂರುವವರ ಮಷಿನ್... ತನಗೆ ಹಳೇ ಸಾಮಾನು... ಇಂಥ ಮಾತು ಅವಳ ಕಿವಿಗೆ ಹೊಸದಲ್ಲ. ಟೈಪಿಂಗ್ ಕಲಿಯುವಾಗ ಮಾಸ್ತರರು ಅವಳನ್ನು ಬಾಗಿಲ ಬಳಿಯ ಮುರುಕು ಮಷಿನ್ನಿಗೇ ಕೂರಿಸುತ್ತಿದ್ದರು. ಕೂಲಿಯವರ ಮಗಳಿಗೆ ಅಷ್ಟು ಸಾಕು ಅಂತ. ಆ ಮುರುಕು ಮಷಿನ್ನಿನ ಮೇಲೆಯೇ ಕಲಿತು, ಸೀನಿಯರ್ ಪರೀಕ್ಷೆಯಲ್ಲಿ ಆ ಮಾಸ್ತರರ ಎಲ್ಲ ಶಿಷ್ಯರಿಗಿಂತ ಮುಂದೆ ಬಂದವಳು ಅವಳು!

‘ಇವನೂ ಅವರ ಹಂಗೇ. ನನ್ನ ಸೀರಿ ನೋಡಿದ, ಚಪ್ಪಲಿ ನೋಡಿದ, ಅಳದುಬಿಟ್ಟ!’

ಅಷ್ಟರಲ್ಲಿ ಅಂಗಡಿಯ ಮಾಲೀಕ ಸತ್ತಾರ್ ಸಾಬ್ ನಮಾಜು ಮುಗಿಸಿ ಒಳಗೆ ಬಂದರು.

“ಬರ್ರಿ ಬರ್ರಿ, ಏನು ಬೇಕಾಗಿತ್ತು? ಲೇ ಕನಕರಾಯ, ತೋರಿಸಿದೇನೋ?”

“ತೋರಿಸ್ಯಾರ್ರಿ,” ಬೂದೆಮ್ಮ ಒಂದೊಂದೇ ಅಕ್ಷರ ಒತ್ತಿ ಹೇಳಿದಳು. “ನನಗ ಇದೇ ಬೇಕು. ಈಗಿಂದೀಗ ಕಟ್ಟಿ ಕೊಡ್ರಿ.”

ಕನಕರಾಯ ಏನೋ ಹೇಳಲು ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಡಬ್ಬಿ ಕಟ್ಟಲು ದಾರ ಹುಡುಕಿದ.

*

ಆ ಹಟದ ಹಿಂದೆ ಒಂದು ಹೆದರಿಕೆ ಇತ್ತು. ಅದನ್ನು ಹೇಳದಿದ್ದರೆ ಬೂದೆಮ್ಮ ಬರೀ ಜಗಳಗಂಟಿಯಾಗಿ ಕಂಡಾಳು.

ಮೂರು ವರ್ಷದಿಂದ ಅವಳು ದೇವದುರ್ಗದ ತಹಶೀಲ ಕಚೇರಿಯ ಅಂಗಳದಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದಳು. ಜಾಗ ಬೇವಿನ ಮರದ ಕೆಳಗೆ, ಮಷಿನ್ ಬಾಡಿಗೆಯದು. ಮಷಿನ್ನಿನ ಯಜಮಾನರು ದೀಪಾವಳಿ ಮುಗಿಯುತ್ತಲೇ ತಮ್ಮ ಅಳಿಯನಿಗೆ ಅದು ಬೇಕೆಂದು ಹೊತ್ತುಕೊಂಡು ಹೋದರು. ಸ್ವಂತ ಮಷಿನ್ ಇಲ್ಲದಿದ್ದರೆ ಮರದ ಕೆಳಗಿನ ಜಾಗವೂ ಬೇರೆಯವರ ಪಾಲು. ಆಮೇಲೆ ಅವ್ವನ ಜೊತೆ ಮತ್ತೆ ಹತ್ತಿ ಬಿಡಿಸುವ ಕೂಲಿಗೆ ಹೋಗುವುದೊಂದೇ ದಾರಿ.

ಅಂಗಳದಲ್ಲಿ ಬೀಗ ಹಾಕಿ ಇಡುವುದಕ್ಕೆ ಜಾಗವಿರಲಿಲ್ಲ. ಆದ್ದರಿಂದ ಮಷಿನ್ ದಿನವೂ ಅವಳ ಜೊತೆ ಗಬ್ಬೂರಿಗೆ ಹೋಗಿ, ಬೆಳಿಗ್ಗೆ ಅವಳ ಜೊತೆಗೇ ಬರಬೇಕಿತ್ತು. ಮೂರು ವರ್ಷದ ಉಳಿತಾಯವೆಲ್ಲ ಆ ನೀಲಿ ಡಬ್ಬಿಯೊಳಗೆ ಸೇರಿಹೋಗಿತ್ತು.

ಮನೆಗೆ ತಂದ ದಿನ ತಾಯಿ ಯಮನಮ್ಮ ಅದಕ್ಕೆ ಕುಂಕುಮ ಹಚ್ಚಿದಳು.

“ಯವ್ವಾ, ಇದು ಎಷ್ಟು ಚಂದ ಅದಲ್ಲಬೇ! ನಿನ್ನ ತೊಡಿ ಮ್ಯಾಲ ಕೂಸು ಕುಂತಂಗ ಕುಂತದ.”

ಬೂದೆಮ್ಮ ಅದನ್ನು ನಿಜಕ್ಕೂ ಕೂಸಿನ ಹಾಗೆಯೇ ತಬ್ಬಿಕೊಂಡಳು.

ಕೂಸು ಹನ್ನೊಂದು ದಿನ ಚೆನ್ನಾಗಿತ್ತು. ಹನ್ನೆರಡನೆಯ ದಿನ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು! ಕಾಗದ ಹಿಡಿದ ರೋಲರ್ ಒಂದೊಂದು ಅಕ್ಷರಕ್ಕೆ ತಾನಾಗಿ ಸರಿಯಬೇಕು. ಅದು ಸರಿಯಲೇ ಇಲ್ಲ. ಬಲಗೈಯಲ್ಲಿ ಒತ್ತುತ್ತಾ ಎಡಗೈಯಲ್ಲಿ ತಳ್ಳುತ್ತಾ ಟೈಪ್ ಮಾಡುವ ಗತಿ ಬಂತು.

ಅಷ್ಟು ಹೊಸ ಮಷಿನ್ ಹನ್ನೆರಡು ದಿನಕ್ಕೆ ಕೆಡುವುದುಂಟೇ?

‘ಅವನೇ! ಆ ಕನಕರಾಯನೇ! ತನ್ನ ಮಾತು ಖರೇ ಆಗಲಿ ಅಂತ ಕಟ್ಟಿ ಕೊಡೋ ಮುಂದ ಏನೋ ಸಡಿಲ ಮಾಡ್ಯಾನ!’

ಬೇರೆ ಯಾರಾದರೂ ಆಗಿದ್ದರೆ ರಾಯಚೂರಿಗೆ ಹೋಗಿ ಬೈದು ಬರುತ್ತಿದ್ದರು. ಬೂದೆಮ್ಮ ಅರ್ಜಿಯವಳು. ಅವಳಿಗೆ ಸಿಟ್ಟು ಬಂದರೂ ಅದು ಅರ್ಜಿಯಾಗಿಯೇ ಬರಬೇಕು. ಕಾಗದ ಸಿಕ್ಕಿಸಿದಳು, ಕಾರ್ಬನ್ ಇಟ್ಟಳು, ಎಡಗೈಯಲ್ಲಿ ತಳ್ಳಿ ತಳ್ಳಿಯೇ ಸುರೇಖಾ ತಯಾರಿಸುವ ಹೈದರಾಬಾದಿನ ಕಂಪನಿ ಸಾಹೇಬರಿಗೆ ಬರೆದಳು.

‘ತಮ್ಮ ರಾಯಚೂರು ಅಂಗಡಿಯ ಮೆಕ್ಯಾನಿಕ್ ಕನಕರಾಯ ಎಂಬುವರು, ತಮ್ಮ ಹೊಸ ಮಷಿನ್ ನನಗೆ ಆಗುವುದಿಲ್ಲವೆಂದು ಹೇಳಿ, ಬೇರೆ ಅಂಗಡಿಗೆ ಹೋಗಿ ಹಳೆಯ ವಜ್ರ ಮಷಿನ್ ಕೊಳ್ಳುವಂತೆ ತಿಳಿಸಿರುತ್ತಾರೆ. ಗಿರಾಕಿಯ ಬಟ್ಟೆ ನೋಡಿ ಮಾತಾಡುವ ಇಂಥವರ ಮೇಲೆ ತಾವು ಕ್ರಮ ಜರುಗಿಸಬೇಕಾಗಿ ವಿನಂತಿ...’

ಪಕ್ಕದಲ್ಲಿ ಕೂತು ಕೈಯಲ್ಲೇ ಅರ್ಜಿ ಬರೆಯುವ ಮುದುಕ ಮಲ್ಲಯ್ಯ ಕನ್ನಡಕ ಏರಿಸಿ ಓದಿದ.

“ಭಾಳ ಗಟ್ಟಿ ಬರದೀಯವ್ವಾ. ನೀ ಬರದ ಅರ್ಜಿ ಇಲ್ಲಿತನಾ ಒಂದೂ ಬಿದ್ದಿಲ್ಲ. ಆ ಮನಷಾನ ಗತಿ ಮುಗೀತು ಬಿಡು!”

“ಮುಗೀಲಿ!” ಅಂದಳು ಬೂದೆಮ್ಮ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ ಬಂದಳು.

*

ಮೂರು ವಾರ ಕಳೆದಿತ್ತು. ಶನಿವಾರ. ಅವಳು ಒಬ್ಬ ಅಜ್ಜಿಯ ಪಿಂಚಣಿ ಅರ್ಜಿಯನ್ನು ತಳ್ಳಿ ತಳ್ಳಿ ಟೈಪ್ ಮಾಡುತ್ತಿದ್ದಳು. ಕಾಗದದ ಮೇಲೆ ನೆರಳು ಬಿತ್ತು.

ಹೆಗಲಿಗೆ ಚೀಲ ಹಾಕಿಕೊಂಡು ಕನಕರಾಯ ನಿಂತಿದ್ದ!

ಬೂದೆಮ್ಮ ಗಕ್ಕನೆ ಟೈಪ್ ನಿಲ್ಲಿಸಿದಳು. ಮರುಕ್ಷಣ ಗೆದ್ದ ಖುಷಿ. ‘ಅರ್ಜಿ ಕೆಲಸ ಮಾಡೇದ! ಕಂಪನಿಯವರು ಬೈದು ರಿಪೇರಿಗೆ ಕಳಿಸ್ಯಾರ!’

“ಬಂದ್ರೇನು? ಸತ್ತಾರ್ ಸಾಬ್ರು ಕಳಿಸಿದ್ರೇನು?”

ಅವನು ಅವಳ ಎಡಗೈಯನ್ನೇ ನೋಡುತ್ತಿದ್ದ. ತಳ್ಳಿ ತಳ್ಳಿ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಏನೋ ಹೇಳಲು ಬಂದವನು ಆ ಮಾತನ್ನು ನುಂಗಿದ ಹಾಗೆ ಕಂಡಿತು.

“ಹೂಂ ಅಂತ ತಿಳ್ಕೋರಿ,” ಅಂದ. “ಸರೀರಿ ಸ್ವಲ್ಪ, ನೋಡ್ತೀನಿ.”

ಮಷಿನ್ನನ್ನು ಮಗ್ಗುಲಿಗೆ ಮಲಗಿಸಿ, ತಳ ಬಿಚ್ಚಿ, ಒಂದು ತೆಳ್ಳನೆಯ ಸಲಾಕೆ ತೋರಿಸಿದ. “ಇದರ ಮ್ಯಾಲ ರೋಲರ್ ಓಡ್ತದ. ಬಾಗೇದ ನೋಡ್ರಿ.”

“ಬಾಗೇದೋ... ಬಾಗಿಸಿ ಕೊಟ್ರೋ?”

ಕನಕರಾಯ ತಲೆ ಎತ್ತಿದ. ಆ ಕಣ್ಣಿನಲ್ಲಿ ಮೊದಲ ಸಲ ನೋವು ಕಂಡಿತು. ಅವನು ವಾದ ಮಾಡಲಿಲ್ಲ. ಸಲಾಕೆ ನೆಟ್ಟಗೆ ಮಾಡಿ, ಮಷಿನ್ ಜೋಡಿಸಿ, ಸಂಜೆ ಐದು ಗಂಟೆಯವರೆಗೆ ಮರದ ಆಚೆ ಕೂತು ಕಾದ. ಅವಳು ಡಬ್ಬಿ ಮುಚ್ಚಿ ಏಳುತ್ತಲೇ ತಾನೂ ಎದ್ದ.

“ನಡೀರಿ, ಗಬ್ಬೂರ ತನಕಾ ನಾನೂ ಬರ್ತೀನಿ.”

ಬಸ್ಸಿನಲ್ಲಿ ಸೀಟು ಸಿಕ್ಕಿತು. ನೀಲಿ ಡಬ್ಬಿಯನ್ನು ಅವನು ತನ್ನ ತೊಡೆಯ ಮೇಲಿಟ್ಟುಕೊಂಡ.

“ಇದರ ಮ್ಯಾಲ ಅಂಗೈ ಇಡ್ರಿ. ಸುಮ್ಮನ ಇಡ್ರಿ... ಏನಾಗ್ತದ ಹೇಳ್ರಿ.”

ಬೂದೆಮ್ಮ ಅನುಮಾನದಿಂದಲೇ ಕೈ ಇಟ್ಟಳು. ಬಸ್ಸು ಊರು ದಾಟಿ ತಗ್ಗು ಬಿದ್ದ ರಸ್ತೆಗೆ ಇಳಿಯಿತು. ಒಂದೊಂದು ಕುಣಿಗೂ ಒಳಗೆ ಏನೋ ಟಕ್ಕೆನ್ನುತ್ತಿತ್ತು. ಡಬ್ಬಿಯೊಳಗೆ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಮಷಿನ್ ನಡುಗುತ್ತಿತ್ತು. ಪ್ರತಿ ಟಕ್ಕೂ ಅವಳ ಅಂಗೈಗೆ ಬಡಿಯುತ್ತಿತ್ತು.

ಇಷ್ಟು ದಿನ ಇದೇ ಬಸ್ಸಿನಲ್ಲಿ ಇದನ್ನು ತಬ್ಬಿಕೊಂಡು ಬಂದಿದ್ದಳು. ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ!

“ಸುರೇಖಾ ಕೆಟ್ಟ ಮಷಿನ್ ಅಲ್ರಿ,” ಅವನು ಮೆಲ್ಲಗೆ ಹೇಳಿದ. “ಟೇಬಲ್ ಮ್ಯಾಲ ಇಟ್ರ ಹದಿನೈದು ವರ್ಷ ಬಾಳತದ. ಬಸ್ಸಿನ ಪೆಟ್ಟು ತಡಿಯಾಂಗಿಲ್ಲ, ಅಷ್ಟೇ. ಅವತ್ತು ಅದನ್ನೇ ಹೇಳಾಕ ಬಂದಿದ್ದೆ.”

ಬೂದೆಮ್ಮ ಡಬ್ಬಿಯ ಮೇಲಿಂದ ಕೈ ತೆಗೆಯದೆ ಅವನತ್ತ ತಿರುಗಿದಳು.

ಅವನು ತನ್ನ ಸೀರೆ ನೋಡಿರಲಿಲ್ಲ. ಚಪ್ಪಲಿ ನೋಡಿರಲಿಲ್ಲ. ಗಬ್ಬೂರು ರಸ್ತೆಯ ಕುಣಿ ನೋಡಿದ್ದ!

“ನಾನು...” ಎಂದು ಶುರು ಮಾಡಿದಳು. ಅರ್ಜಿಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. “ನಾನು ಸುಮ್ಮಸುಮ್ಮನ ಸಿಟ್ಟು ಮಾಡಿದೆ,” ಎಂದಷ್ಟೇ ಹೇಳಿದಳು.

“ಇರಲಿ ಬಿಡ್ರಿ,” ಅಂದ ಕನಕರಾಯ. ಆ ಎರಡು ಮಾತಿನಲ್ಲಿ ಅವನು ಎಷ್ಟನ್ನು ಬಿಟ್ಟುಕೊಟ್ಟಿದ್ದ ಎಂಬುದು ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು!

*

ಆಮೇಲೆ ಪ್ರತಿ ಶನಿವಾರವೂ ಬಂದ.

ಒಮ್ಮೆ ಸ್ಪ್ರಿಂಗ್ ಬಿಗಿ ಮಾಡಿದ. ಒಮ್ಮೆ ರಿಬ್ಬನ್ ಬದಲಿಸಿದ. ಇನ್ನೊಮ್ಮೆ ಹತ್ತಿ ತುಂಬಿದ ದಪ್ಪನೆಯ ದಿಂಬು ತಂದ. “ಗಂಜ್ ಮಾರ್ಕೆಟ್ಟಿನ್ಯಾಗ ಜಿನ್ನಿಂಗ್ ಮಿಲ್ಲಿನವರ ಕಡಿಂದ ಹತ್ತಿ ತಂದೀನ್ರಿ. ಬಸ್ಸಿನ್ಯಾಗ ಮಷಿನ್ ಕೆಳಗ ಇದನ್ನ ಇಟ್ಕೋರಿ. ಪೆಟ್ಟು ಕಡಿಮಿ ಆಗ್ತದ.” ದಿಂಬಿನ ಹೊಲಿಗೆ ಅಂಕುಡೊಂಕಾಗಿತ್ತು. ಯಾರು ಹೊಲಿದದ್ದು ಎಂದು ಕೇಳಬೇಕಾಗಿಯೇ ಇರಲಿಲ್ಲ.

ಮಷಿನ್ ಪೂರಾ ಸರಿಯಿದ್ದ ಶನಿವಾರವೂ ಬಂದ. ಅವತ್ತು ಅದರ ಧೂಳು ಒರೆಸಿದ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದ.

ಮಲ್ಲಯ್ಯ ತನ್ನಷ್ಟಕ್ಕೆ ಗೊಣಗಿದ. “ಇಷ್ಟು ಸೇವಾ ಕಲೆಕ್ಟರ್ ಸಾಹೇಬರ ಮಷಿನ್‌ಗೂ ಇರಾಂಗಿಲ್ಲ.”

ಬೂದೆಮ್ಮ ಕೇಳಿಸದವಳಂತೆ ತಲೆ ತಗ್ಗಿಸಿದಳು. ಕೆನ್ನೆ ಮಾತ್ರ ಬಿಸಿಯಾಗಿತ್ತು.

ಶುಕ್ರವಾರ ಬಂದರೆ ಅವಳಿಗೆ ನಾಳೆಯದೇ ಯೋಚನೆ. ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಂಡಳೆಂದರೆ ಅದು ಶನಿವಾರ ಎಂದು ಯಮನಮ್ಮನಿಗೂ ಗೊತ್ತಾಗಿಹೋಗಿತ್ತು.

“ಅವರಿಗೆ ಪುಂಡಿಪಲ್ಯ ಸೇರತದೇನಬೇ?”

“ಯಾರಿಗೆ?” ಬೂದೆಮ್ಮ ಗಾಬರಿಯಾದಳು.

“ಮಷಿನ್‌ಗ ಕೇಳಾಕತ್ತೀನಿ!” ಯಮನಮ್ಮ ನಕ್ಕು ಪಲ್ಯ ಕಟ್ಟಿಕೊಟ್ಟಳು.

ಹೌದು, ಬೂದೆಮ್ಮನಿಗೆ ಅವನ ಮೇಲೆ ಮನಸ್ಸಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ? ಅವನು ಮರದ ನೆರಳಲ್ಲಿ ಕೂತು ಸ್ಕ್ರೂ ತಿರುಗಿಸುತ್ತಿದ್ದರೆ, ಅವಳಿಗೆ ಇಡೀ ಅಂಗಳವೇ ತನ್ನ ಮನೆಯಂತೆ ಅನ್ನಿಸುತ್ತಿತ್ತು.

ಅದರೊಂದಿಗೇ ಒಂದು ಮುಳ್ಳು ಕೂಡ ಒಳಗೆ ಬೆಳೆಯುತ್ತಿತ್ತು. ಆ ಅರ್ಜಿ!

‘ಅವರಿಗೆ ಗೊತ್ತಾದ್ರ? ಬರದಾಕಿ ನಾನೇ ಅಂತ ತಿಳದ್ರ ಈ ಮುಖ ನೋಡ್ತಾರೇನು?’

ಒಂದು ಶನಿವಾರ ಧೈರ್ಯ ಮಾಡಿ ಅಡ್ಡದಾರಿ ಹಿಡಿದಳು. “ನಿಮ್ಮ ಕೆಲಸ ಭಾಳ ಚಲೋ ಅದ ಅಂತ ಕಂಪನಿಗೆ ಒಂದು ಪತ್ರ ಬರೀಲೇನ್ರಿ?”

ಕನಕರಾಯನ ಕೈಯಿಂದ ಸ್ಕ್ರೂ ಜಾರಿತು. “ಬ್ಯಾಡ್ರಿ! ಏನೂ ಬರಿಯಾಕ ಹೋಗಬ್ಯಾಡ್ರಿ!”

ಅಷ್ಟು ಜೋರಾಗಿ ಅವನು ಎಂದೂ ಮಾತಾಡಿರಲಿಲ್ಲ. ಅವಳು ಬೆಚ್ಚಿದಳು.

ಅದರ ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ.

ಕಟ್ಟಿ ತಂದ ರೊಟ್ಟಿಯನ್ನು ಎರಡು ವಾರವೂ ಮಲ್ಲಯ್ಯನೇ ತಿಂದ. ಬಾಯಿಗೆ ತುತ್ತು ಹೋಗುವಷ್ಟು ಸಮಾಧಾನ ಬೂದೆಮ್ಮನಿಗಿರಲಿಲ್ಲ. ‘ಗೊತ್ತಾಗೇದ. ಖಂಡಿತ ಗೊತ್ತಾಗೇದ. ಇನ್ನ ಬರಾಂಗಿಲ್ಲ...’

ಸೋಮವಾರ ಬೆಳಿಗ್ಗೆ ಇನ್ನೊಂದು ಅರ್ಜಿ ಟೈಪ್ ಮಾಡಿದಳು. ‘ನಾನು ಈ ಮೊದಲು ಬರೆದದ್ದು ತಪ್ಪು ತಿಳುವಳಿಕೆಯಿಂದ ಬರೆದದ್ದಾಗಿರುತ್ತದೆ. ಅದನ್ನು ವಾಪಸ್ ಪಡೆಯುತ್ತಿದ್ದೇನೆ.’ ಅಂಚೆಗೆ ಹಾಕುವಷ್ಟು ತಾಳ್ಮೆ ಇರಲಿಲ್ಲ. ಮಷಿನ್ನನ್ನು ಮಲ್ಲಯ್ಯನ ವಶಕ್ಕೆ ಕೊಟ್ಟು, ತಾನೇ ರಾಯಚೂರಿನ ಬಸ್ಸು ಹತ್ತಿದಳು.

*

ಸತ್ತಾರ್ ಸಾಬ್ ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬೇಟಿ, ಇದು ಭಾಳ ತಡಾ ಆತು.”

“ಅಂದ್ರ?”

“ಕನಕರಾಯ ಇಲ್ಲಿ ಇಲ್ಲ. ಕೆಲಸ ಹೋಗಿ ನಾಕು ತಿಂಗಳಾತು.”

ಬೂದೆಮ್ಮನಿಗೆ ಅರ್ಥವೇ ಆಗಲಿಲ್ಲ. “ಹೆಂಗ್ರಿ? ಶನಿವಾರ ಶನಿವಾರ ದೇವದುರ್ಗಕ್ಕ ಬರ್ತಿದ್ರಲ್ಲ! ನೀವೇ ಕಳಿಸ್ತಿದ್ರಲ್ಲ!”

“ನಾನ್ಯಾಕ ಕಳಿಸಲಿ? ಅವ ಈಗ ಮಾನ್ವಿಯೊಳಗ ಇರ್ತಾನ, ಅಲ್ಲಿಂದ ತನ್ನ ಪಾಡಿಗೆ ತಾನು ಬರ್ತಿರಬೇಕು.”

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಸತ್ತಾರ್ ಸಾಬ್ ನಿಧಾನವಾಗಿ ಹೇಳಿದರು. “ನಿನ್ನ ಅರ್ಜಿ ಹಿಡ್ಕೊಂಡು ಹೈದರಾಬಾದಿನಿಂದ ಕಂಪನಿ ಸಾಹೇಬ ಬಂದ. ಅವ ಬಟ್ಟಿ ನೋಡಿ ಮಾತಾಡಿದ ಅಂತ ನೀ ಬರದಿದ್ದೆ. ಸಾಹೇಬನ ಕಣ್ಣಿಗೆ ಅದು ಬೀಳಲೇ ಇಲ್ಲ. ನಮ್ಮ ಉಪ್ಪು ತಿಂದು ಬ್ಯಾರೆ ಕಂಪನಿ ಮಾಲು ಹೊಗಳತಾನ ಅಂತ ಅದೊಂದೇ ಹಿಡ್ಕೊಂಡ. ನಾ ಅಡ್ಡ ಬಂದೆ. ಹುಡುಗ ಒಳ್ಳೆಯವ ಅಂದೆ. ಕಡೀಗೆ ಸಾಹೇಬ ಒಂದು ಕಾಗದ ಮುಂದ ಇಟ್ಟ. ‘ನಾ ಹಂಗ ಅಂದಿಲ್ಲ, ಆ ಹೆಣ್ಣುಮಗಳು ಸುಳ್ಳು ಬರದಾಳ ಅಂತ ಸಹಿ ಮಾಡು, ಕೆಲಸ ಉಳೀತದ’ ಅಂದ.”

“...ಮಾಡಿದ್ರೇನು?”

“ಮಾಡಿದ್ರ ಇಲ್ಲೇ ಇರ್ತಿದ್ದ!” ಸತ್ತಾರ್ ಸಾಬ್ ಮೇಜು ತಟ್ಟಿದರು. “ನಾನೂ ಹೇಳಿದೆ, ಸಹಿ ಹಾಕೋ ಮಗನ, ಆಕಿಗೇನು ಗೊತ್ತಾಗ್ತದ ಅಂತ. ಅವ ಕೇಳಲಿಲ್ಲ. ‘ಆಕಿ ಬರದದ್ದು ಖರೇ ಅದ. ನಾ ಅಂದೀನಿ. ದಿನಾ ಅರ್ಜಿ ಬರದು ಬದುಕೋ ಹೆಣ್ಣುಮಗಳು, ಸುಳ್ಳುಗಾರ್ತಿ ಅಂತ ನಾ ಹೆಂಗ ಬರದು ಕೊಡಲಿ’ ಅಂದ. ಸಾಮಾನಿನ ಚೀಲ ತಗೊಂಡು ನಡದ.”

ಬೂದೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಳು ತಡೆಯಲಾಗಲಿಲ್ಲ.

ಆ ಮೊದಲ ಶನಿವಾರ! ತಾನು ಗೆದ್ದೆನೆಂದು ಹಿಗ್ಗಿದ ಶನಿವಾರ! ಆಗಲೇ ಅವನ ಕೆಲಸ ಹೋಗಿತ್ತು. ‘ಬಾಗಿಸಿ ಕೊಟ್ರೋ’ ಎಂದು ಕೇಳಿದಾಗಲೂ ಸುಮ್ಮನಿದ್ದ. ನಾಲ್ಕು ತಿಂಗಳು ಎದುರಿಗೆ ಕೂತು ರೊಟ್ಟಿ ತಿಂದ. ಒಂದೇ ಒಂದು ಮಾತು ಆಡಲಿಲ್ಲ!

“ಮಾನ್ವಿಯೊಳಗ ಎಲ್ಲಿರ್ತಾರ್ರೀ?” ಕಣ್ಣೊರೆಸಿಕೊಂಡು ಎದ್ದಳು.

“ಬಸ್‌ಸ್ಟ್ಯಾಂಡ್ ಎದುರಿಗೆ ವಲಿ ಪಾಷಾನ ಸೈಕಲ್ ಅಂಗಡಿ. ಅದರ ಮೂಲ್ಯಾಗ ಕುಂದರತಾನ,” ಎಂದರು ಸತ್ತಾರ್ ಸಾಬ್. “ಹೋಗು ಬೇಟಿ. ಹನ್ನೆರಡೂವರಿಗೆ ಬಸ್ ಅದ.”

*

ಮಾನ್ವಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಸೈಕಲ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ.

ಟೈರುಗಳ ಸಾಲಿನ ಹಿಂದೆ, ಗೋಣಿಚೀಲ ಹಾಸಿಕೊಂಡು ಕನಕರಾಯ ಕೂತಿದ್ದ. ಮುಂದೆ ಕಪ್ಪನೆಯ ದೊಡ್ಡ ಟೈಪ್‌ರೈಟರ್. ತಲೆ ಎತ್ತಿದವನು ಎದ್ದೇ ನಿಂತ.

“ನೀವು...! ಏನಾತ್ರಿ? ಮಷಿನ್ ಮತ್ತ ಕೆಟ್ಟತೇನು?”

“ಮಷಿನ್ ಸುಡಲಿ!” ಬೂದೆಮ್ಮ ಟೈರುಗಳನ್ನು ದಾಟಿ ಎದುರಿಗೆ ಬಂದಳು. “ಆ ಅರ್ಜಿ ನಾನೇ ಬರದಿದ್ದು.”

“ಗೊತ್ತದ್ರಿ.”

“ನಿಮ್ಮ ಕೆಲಸ ನಾನೇ ಕಳದೆ!”

“ಅದೂ ಗೊತ್ತದ್ರಿ.” ಅವನ ತುಟಿಯಲ್ಲಿ ಸಣ್ಣ ನಗು ಮೂಡಿತು. “ಅರ್ಜಿ ಮಾತ್ರ ಭಾಳ ಚಲೋ ಇತ್ತು. ಸಾಹೇಬ ಓದಬೇಕಾದ್ರ ನಾನೇ ನನ್ನ ಮ್ಯಾಲ ಕ್ರಮ ಜರುಗಿಸಬೇಕು ಅನ್ನಂಗಾಗಿತ್ತು.”

“ನಗಬ್ಯಾಡ್ರಿ!” ಅವಳು ಅಳುತ್ತಲೇ ಗದರಿದಳು. “ಇಷ್ಟೆಲ್ಲಾ ಆದ ಮ್ಯಾಲೂ ಯಾಕ ಬಂದ್ರಿ ದೇವದುರ್ಗಕ್ಕ? ಯಾಕ?”

ಕನಕರಾಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಮೊದಲನೇ ಶನಿವಾರ ಬೈಯ್ಯಾಕ ಬಂದಿದ್ದೆ. ಖರೇ ಹೇಳ್ತೀನಿ. ದಾರಿ ತುಂಬಾ ಏನೇನು ಬೈಬೇಕು ಅಂತ ಜೋಡಿಸ್ಕೊಂಡು ಬಂದಿದ್ದೆ. ನೀವು ಬೊಬ್ಬಿ ಎದ್ದ ಕೈಲೆ ನೂಕ್ಕೋತ ಆ ಮುದುಕಿ ಅರ್ಜಿ ಮುಗಿಸಾಕತ್ತಿದ್ರಿ. ಬೈಗಳೆಲ್ಲಾ ಮರತು ಹೋತು.”

“ಎರಡನೇ ಶನಿವಾರ?”

“ಸ್ಪ್ರಿಂಗ್ ಸಡಿಲ ಆಗಿರಬೇಕು ಅಂತ ನನಗ ನಾನೇ ಹೇಳ್ಕೊಂಡು ಬಂದೆ.”

“ಆಮ್ಯಾಲ?”

“ಆಮ್ಯಾಲ...” ಅವನು ತನ್ನ ಎಣ್ಣೆಗೈಗಳನ್ನು ನೋಡಿಕೊಂಡ. “ಆಮ್ಯಾಲ ನನಗ ಏನೂ ಹೇಳ್ಕೋಬೇಕಾಗ್ಲಿಲ್ಲ. ಶನಿವಾರ ಬಂದ್ರ ಕಾಲು ತಾವೇ ಬಸ್‌ಸ್ಟ್ಯಾಂಡಿಗೆ ನಡೀತಿದ್ವು.”

ಬೂದೆಮ್ಮನ ಎದೆ ತುಂಬಿಬಂತು. ಎರಡು ವಾರದ ಸಂಕಟವೆಲ್ಲ ಕಣ್ಣೀರಾಗಿ ಇಳಿಯಿತು.

“ಮತ್ತ ಎರಡು ವಾರ ಯಾಕ ಬರಲಿಲ್ಲ? ನಾ ಏನು ತಿಳ್ಕೋಬೇಕಿತ್ತು? ಒಂದು ಕಾರ್ಡು ಬರದಿದ್ರ ನಿಮ್ಮ ಗಂಟು ಹೋಗ್ತಿತ್ತೇನು?”

ಅವನು ಪಕ್ಕಕ್ಕೆ ಸರಿದು ಕಪ್ಪು ಮಷಿನ್ ತೋರಿಸಿದ.

“ಕವಿತಾಳದಾಗ ಇದ್ದೆ. ಅಲ್ಲಿ ಒಂದು ಸೊಸೈಟಿ ಮುಚ್ಚಿತ್ತು. ಮೂಲ್ಯಾಗ ಈ ವಜ್ರ ಬಿದ್ದಿತ್ತು. ಬೇಡಿ ಕಾಡಿ ತಗೊಂಡು, ಅಲ್ಲೇ ಕುಂತು ತುಕ್ಕು ತಗದು, ಕನ್ನಡ ಅಕ್ಷರ ಕೂಡಿಸೀನಿ. ನಿಮಗ ಅಂತ. ಮುಗದ ಮ್ಯಾಲೇ ಹೇಳಬೇಕು ಅಂದ್ಕೊಂಡಿದ್ದೆ... ನಾ ಎಂಥಾ ದಡ್ಡ, ನೀವು ಹಿಂಗ ಅಳ್ತೀರಿ ಅಂತ ತಿಳೀಲಿಲ್ಲ.”

ಬೂದೆಮ್ಮ ಮೆಲ್ಲನೆ ಕೂತಳು. ‘ಬ’ ಒತ್ತಿದಳು. ಅಕ್ಷರ ಗಟ್ಟಿಯಾಗಿ, ನೇರವಾಗಿ ಬಿತ್ತು. ಸುರೇಖಾದ ನಾಜೂಕು ಇದಕ್ಕಿರಲಿಲ್ಲ. ಆದರೆ ಈ ಮಷಿನ್ ಇನ್ನು ಮೂವತ್ತು ವರ್ಷ ಯಾರಿಗೂ ಜಗ್ಗುವುದಿಲ್ಲ ಎಂದು ಬೆರಳಿಗೇ ಗೊತ್ತಾಗುತ್ತಿತ್ತು.

ಎರಡೂ ಕೈ ಹಾಕಿ ಎತ್ತಲು ನೋಡಿದಳು. ಅರ್ಧ ಗೇಣು ಮೇಲೆದ್ದು ಮತ್ತೆ ಧಡ್ಡನೆ ಕೂತಿತು.

ಕನಕರಾಯನ ಮುಖ ಸಪ್ಪಗಾಯಿತು. “ನಿನ್ನೆ ಕವಿತಾಳದಿಂದ ಬಸ್ಸಿನ್ಯಾಗ ತರೋ ಮುಂದ ನಾನೂ ಎತ್ತಿ ನೋಡಿದೆ. ಆವಾಗ ತಿಳೀತು... ಅಂಗಡ್ಯಾಗ ಅವತ್ತು ನಾ ಹೇಳಿದ್ದೂ ಅರ್ಧ ತಪ್ಪೇ. ಮಷಿನ್ ಮುರೀಬಾರದು ಅಂತ ವಿಚಾರ ಮಾಡಿದೆ. ಇದನ್ನ ದಿನಾ ಹೊರೋರ ನಡಾ ಮುರೀತದ ಅಂತ ವಿಚಾರ ಮಾಡಲಿಲ್ಲ. ಸುರೇಖಾ ಬಸ್ಸು ತಡಿಯಾಂಗಿಲ್ಲ. ವಜ್ರಾನ ನೀವು ತಡಿಯಾಂಗಿಲ್ಲ. ಎರಡರಾಗ ಯಾವುದೂ ಆಗವಲ್ದು. ಏನು ಮಾಡಬೇಕೋ ನನಗಂತೂ ತಿಳೀವಲ್ದು ನೋಡ್ರಿ.”

ಹದಿನೈದು ದಿನ ದುಡಿದವನು ಕೈಚೆಲ್ಲಿ ನಿಂತಿದ್ದ. ಅವನ ಮುಖ ನೋಡಿದ ಬೂದೆಮ್ಮನಿಗೆ ಇದ್ದಕ್ಕಿದ್ದಂತೆ ಎಲ್ಲವೂ ಸಲೀಸಾಗಿ ಕಂಡಿತು. ಇಷ್ಟು ದಿನ ಯಾರಿಗೂ ಹೊಳೆಯದೇ ಹೋದದ್ದಾದರೂ ಹೇಗೆ!

“ಹೊರಾದು ಯಾಕ್ರಿ?”

“ಹಾಂ?”

“ಇಡಾಕ ಜಾಗ ಇಲ್ಲ ಅಂತ ತಾನೇ ನಾ ದಿನಾ ಹೊರ್ತೀನಿ? ತಹಶೀಲ ಕಚೇರಿ ಎದುರಿಗೆ ಒಂದು ಕೋಲಿ ಖಾಲಿ ಅದ. ಬಾಗಿಲದ, ಚಿಲಕದ. ಹಿಡಿಯೋಣು. ಮುಂದ ನಾ ಅರ್ಜಿ ಬರೀತೀನಿ, ಒಳಗ ನೀವು ರಿಪೇರಿ ಮಾಡ್ರಿ. ವಜ್ರ ಅಲ್ಲೇ ಇರಲಿ.”

ಕನಕರಾಯ ವಜ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. “ಒಂದೇ ಕೋಲ್ಯಾಗ... ನೀವು, ನಾನು? ನೋಡಿದವರು ಏನಂತಾರ?”

“ಗಂಡ ಹೆಂಡ್ತಿ ಅಂತಾರ.”

ಹೇಳಿಯೇಬಿಟ್ಟಳು! ಹೇಳಿದ ಮೇಲೆ ಕಿವಿಯವರೆಗೂ ಕೆಂಪಾದಳು. ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಾ ನಿಂತಳು.

ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು.

‘ಅಯ್ಯೋ... ಭಾಳ ಮಾತಾಡಿದೆನೇನು?’

“ಅನ್ನಲಿ ಅಂತ ಸುಮ್ಮನ ಬಿಡಾಂಗಿಲ್ಲ,” ಅಂದ ಕನಕರಾಯ. “ಖರೇ ಮಾಡ್ತೀನಿ. ಈ ಐತವಾರ ನಮ್ಮವ್ವನ್ನ ಕರಕೊಂಡು ಗಬ್ಬೂರಿಗೆ ಬರ್ತೀನಿ. ನಿಮ್ಮಪ್ಪನ ಮುಂದ ನಾನೇ ಕೇಳ್ತೀನಿ. ನೀವು... ನೀನು ಹೂಂ ಅಂತೀಯೇನು ಬೂದೆಮ್ಮಾ?”

ನಾಲ್ಕು ತಿಂಗಳಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಹೂಂ,” ಅಂದಳು. ಸಾಕಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. “ಹೂಂ ಅಂತೀನಿ.”

ಅವನು ಅವಳ ಕೈ ಹಿಡಿಯಲು ಕೈ ಚಾಚಿದ. ತನ್ನ ಅಂಗೈ ನೋಡಿಕೊಂಡು ಗಪ್ಪನೆ ಹಿಂದಕ್ಕೆ ಎಳೆದುಕೊಂಡ.

“ಎಣ್ಣಿಗೈ... ನಿನ್ನ ಸೀರಿಗೆ ಕಲಿ ಆಗ್ತದ.”

ಬೂದೆಮ್ಮ ಎರಡು ಹೆಜ್ಜೆ ಮುಂದೆ ಬಂದು ಆ ಕೈಯನ್ನು ತಾನೇ ಹಿಡಿದಳು. ಬಿಗಿಯಾಗಿ ಹಿಡಿದಳು.

“ಆಗಲಿ ಬಿಡು. ಇನ್ನ ಮ್ಯಾಲ ನೀನೇ ಒಗಿ.”

“ಒಗೀತೀನಿ,” ಅಂದ ಕನಕರಾಯ.